ಎತ್ತಿದ ಕೈ ಇಳಿಸಿದ ಮೇಲೆ

ನಮ್ಮ ಅತ್ತೆಗೆ ಮರೆವು ಶುರುವಾದ ಮೇಲೆ ನನ್ನ ದಿನ ಎರಡು ತುಂಡಾಯಿತು. ಬೆಳಗ್ಗೆ ಹೊನ್ನಾಳಿಯಿಂದ ಬಸ್ಸು ಹಿಡಿದು ನ್ಯಾಮತಿಗೆ ಹೋಗಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳುವುದು ಒಂದು ತುಂಡು; ಸಂಜೆ ಮನೆಗೆ ಬಂದು ಅತ್ತೆಯನ್ನು ನೋಡಿಕೊಳ್ಳುವುದು ಇನ್ನೊಂದು. ಹಗಲಲ್ಲಿ ಒಬ್ಬ ಹೆಂಗಸು ಬಂದು ಅವರ ಜೊತೆ ಇರುತ್ತಿದ್ದಳು. ನಾನು ಚಪ್ಪಲಿ ಬಿಡುವಾಗಲೇ ಅವಳು ತನ್ನದನ್ನು ಮೆಟ್ಟಿಕೊಳ್ಳುತ್ತಿದ್ದಳು. ನನ್ನ ಗಂಡನಿಗೆ ಬೀಜ, ಗೊಬ್ಬರದ ಅಂಗಡಿ. ಅವರು ಬಾಗಿಲು ಹಾಕಿ ಬರುವ ಹೊತ್ತಿಗೆ ಅತ್ತೆಯ ಊಟ ಮುಗಿದು, ನಿದ್ದೆಯೂ ಹತ್ತಿರುತ್ತಿತ್ತು. ಮಗಳು ದಾವಣಗೆರೆಯಲ್ಲಿ ಹಾಸ್ಟೆಲಿನಲ್ಲಿದ್ದಳು.

ಅತ್ತೆ ಬಾಳಿ ಬದುಕಿದ್ದು ಸವಳಂಗದಲ್ಲಿ. ಮಾವ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದರು. ಮೊದಲ ಕೆಲವು ವರ್ಷ ಅಡುಗೆಮನೆಯನ್ನು ಅವರೇ ಆಳಿದರು. ಆಮೇಲೆ ಒಲೆ ಹಚ್ಚಿದ್ದು ಮರೆತರು, ಮೊಮ್ಮಗಳ ಹೆಸರು ಮರೆತರು, ಕೊನೆಗೆ ತಾವಿರುವುದು ಯಾರ ಮನೆ ಎಂಬುದನ್ನೂ ಮರೆತರು. ಮರೆಯದೆ ಉಳಿದದ್ದು ಒಂದು ಎಮ್ಮೆ. ಎಂದೋ ಮಾರಿದ ಎಮ್ಮೆ ಅದು. ಸಂಜೆಯಾದರೆ ಸಾಕು, "ಎಮ್ಮೆ ಒಳಗೆ ಕಟ್ಟಿದ್ಯೇನೇ?" ಎಂದು ಶುರುವಾಗುತ್ತಿತ್ತು.

"ಅತ್ತೆ, ಎಮ್ಮೆ ಇಲ್ಲ. ಮಾರೀವಿ."

"ಯಾರಿಗೆ ಮಾರಿದ್ರಿ? ನನ್ನ ಕೇಳದೆ ಹೆಂಗೆ ಮಾರಿದ್ರಿ?"

ಒಂದಿಷ್ಟು ಅಳು. ಅಳು ನಿಂತ ಮೇಲೆ ಮತ್ತೆ ಅದೇ ಪ್ರಶ್ನೆ. ಪಾಠ ಹೇಳುವವಳಲ್ಲವೇ, ತಪ್ಪನ್ನು ತಿದ್ದದೆ ಬಿಡಲು ನನಗೆ ಬರುತ್ತಿರಲಿಲ್ಲ. ಪ್ರತಿ ಸಲವೂ ಎಮ್ಮೆ ಇಲ್ಲವೆಂದೇ ಹೇಳುತ್ತಿದ್ದೆ, ಪ್ರತಿ ಸಲವೂ ಅವರು ಹೊಸದಾಗಿ ಅಳುತ್ತಿದ್ದರು.

ಬಂದವರೆಲ್ಲ ನನ್ನನ್ನು ಹೊಗಳುತ್ತಿದ್ದರು. ಪಕ್ಕದ ಮನೆಯವರು, ಗಂಡನ ಕಡೆಯ ನೆಂಟರು, ಶಾಲೆಯ ಸಹೋದ್ಯೋಗಿಗಳು, ಎಲ್ಲರ ಬಾಯಲ್ಲೂ ನನ್ನ ತಾಳ್ಮೆಯದೇ ಮಾತು. ಕೇಳಿ ಕೇಳಿ ನಾನೂ ನಂಬಿದ್ದೆ. ಆದರೆ ಶಾಲೆಯಲ್ಲಿ ನಾನು ಕ್ಲಾಸಿಗೆ ಕಾಲಿಟ್ಟರೆ ಮಕ್ಕಳು ಉಸಿರು ಬಿಗಿಹಿಡಿಯತೊಡಗಿದ್ದರು. ಮೊದಲು ಹಾಗಿರಲಿಲ್ಲ. ಮನೆಯಲ್ಲಿ ನುಂಗಿದ್ದು ಅಲ್ಲಿ ಹೊರಬರುತ್ತಿತ್ತೋ ಏನೋ.

ಮಳೆಗಾಲದ ಒಂದು ಸಂಜೆ. ಬಸ್ಸಿನಲ್ಲಿ ನಿಂತೇ ಬಂದಿದ್ದೆ, ಸೀರೆಯಂಚು ಒದ್ದೆಯಾಗಿತ್ತು, ತಲೆ ಸಿಡಿಯುತ್ತಿತ್ತು. ಅನ್ನ ಸಾರು ಮೆತ್ತಗೆ ಕಲಸಿ ಅತ್ತೆಗೆ ತುತ್ತು ಕೊಡುತ್ತಿದ್ದೆ. ಎಮ್ಮೆಯ ಪ್ರಶ್ನೆ ಬಂತು. ಉತ್ತರ ಹೇಳಿದೆ. ಮತ್ತೆ ಬಂತು. ಉತ್ತರ ಹೇಳದೆ ಇನ್ನೊಂದು ತುತ್ತು ಬಾಯಿಗಿಟ್ಟೆ. ಅವರು ಅದನ್ನು ಥೂ ಎಂದು ನನ್ನ ಮುಖಕ್ಕೆ ಉಗಿದರು.

ನನ್ನ ಕೈ ಮೇಲೆದ್ದಿತು. ಎತ್ತಬೇಕೆಂದು ಎತ್ತಿದ್ದಲ್ಲ, ನೋಡುವಷ್ಟರಲ್ಲಿ ಅದು ಮೇಲಿತ್ತು. ಅತ್ತೆ ಕಣ್ಣು ಗಟ್ಟಿಯಾಗಿ ಮುಚ್ಚಿ, ಭುಜ ಕುಗ್ಗಿಸಿ, ತಲೆ ಒಂದು ಕಡೆ ವಾಲಿಸಿದರು. ಏಟು ಬೀಳುತ್ತದೆಂದು ಗೊತ್ತಿರುವ ಮಗು ಹಾಗೆ ಮಾಡುತ್ತದೆ. ಕೈ ಅಲ್ಲೇ ನಿಂತಿತು. ಆ ಕೈಯನ್ನು ಇಳಿಸಿದ್ದು ಮಾತ್ರ ನಾನೇ. ಭಾರವಾದ ಕೊಡವನ್ನು ತಲೆ ಮೇಲಿಂದ ಒಬ್ಬಳೇ ಇಳಿಸುವ ಹಾಗೆ, ಹುಷಾರಾಗಿ ಇಳಿಸಿದೆ. ಮುಖ ಒರೆಸಿಕೊಂಡೆ, ಅವರ ಬಾಯನ್ನೂ ಒರೆಸಿದೆ. ಆಮೇಲೆ ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. ಕಲ್ಲು ಒದ್ದೆಯಾಗಿದೆ ಎಂಬುದು ಎದ್ದ ಮೇಲೆ ಗೊತ್ತಾಯಿತು.

ಗಂಡ ಬಂದು ಊಟಕ್ಕೆ ಕೂತಾಗ ಹೇಳಿದೆ. "ಇವತ್ತು ಅತ್ತೆ ಮೇಲೆ ಕೈ ಎತ್ತಿದ್ದೆ ರೀ."

ತುತ್ತು ಹಿಡಿದ ಕೈ ತಟ್ಟೆಯಲ್ಲೇ ಉಳಿಯಿತು. "ಹೊಡೆದ್ಯಾ?"

"ಇಲ್ಲ. ನಾಳೆ ಹೊಡಿಯಲ್ಲ ಅಂತ ಹೇಳಾಕೆ ನನ್ನ ಕೈಲಿ ಆಗಲ್ಲ."

"ನೀನಾ? ನಿನ್ನಷ್ಟು ತಾಳ್ಮೆ ಯಾರಿಗೈತೆ?"

"ಆ ಮಾತು ಇನ್ನೊಂದು ಸಲ ಆಡಬೇಡ್ರಿ" ಎಂದೆ. ಕೂಗಲಿಲ್ಲ. ಕೂಗಿದ್ದರೆ ಅವರು ಎದ್ದು ಹೋಗಿ ಟಿ.ವಿ. ಹಾಕಿಕೊಳ್ಳುತ್ತಿದ್ದರು ಎಂದು ನನಗೆ ಗೊತ್ತಿತ್ತು. ಅವರು ಊಟವನ್ನು ಪೂರ್ತಿ ಮಾಡಲಿಲ್ಲ.

ಅದೇ ವಾರದ ಭಾನುವಾರ ನಾದಿನಿ ಚನ್ನಗಿರಿಯಿಂದ ಬಂದಳು. ನನ್ನ ಗಂಡನ ತಂಗಿ, ಅತ್ತೆಗೆ ಒಬ್ಬಳೇ ಮಗಳು. ಬರುವಾಗ ಹಣ್ಣು ತರುತ್ತಾಳೆ, ತಾಯಿಯ ತಲೆ ಬಾಚುತ್ತಾಳೆ, ಮೂರು ಗಂಟೆಯ ಬಸ್ಸಿಗೆ ಹೊರಡುತ್ತಾಳೆ. ಅವತ್ತು ತಾಯಿಯ ಮುಂಗೈ ಹಿಡಿದು ನೋಡುತ್ತ, "ಅವ್ವ ಭಾಳ ಇಳಿದು ಹೋಗ್ಯಾಳಲ್ಲ ಅತ್ತಿಗೆ. ಸರಿಯಾಗಿ ಉಣ್ಣಾಕೆ ಹಾಕ್ತೀರೋ ಇಲ್ವೋ?" ಎಂದಳು.

ಬೇರೆ ದಿನವಾಗಿದ್ದರೆ ನಾನು ಅಡುಗೆಮನೆಗೆ ಹೋಗಿ ಪಾತ್ರೆ ಕುಕ್ಕುತ್ತಿದ್ದೆ. ಅವತ್ತು ಹೋಗಲಿಲ್ಲ. ಗಂಟಲವರೆಗೂ ಸಿಟ್ಟು ಬಂದಿತ್ತು. ಪಾದಗಳನ್ನು ನೆಲಕ್ಕೆ ಒತ್ತಿ ಕೂತೆ. ಅದು ಸ್ವಲ್ಪ ಕೆಳಗಿಳಿಯುವವರೆಗೆ ಕಾದೆ. ಆಮೇಲೆ ಮಾತಾಡಿದೆ.

"ಹಾಕ್ತೀನಿ ಕಣವ್ವಾ. ಅವರು ಉಗೀತಾರೆ. ನನಗೆ ಸಾಕಾಗೈತೆ. ದಸರಾ ರಜಕ್ಕೆ ನಾನು ಬಿಳಿಚೋಡಿಗೆ ನಮ್ಮಮ್ಮನ ಹತ್ರ ಹೋಗ್ತೀನಿ. ಆ ರಜ ಪೂರ್ತಿ ಅತ್ತೆ ನಿಮ್ಮ ಮನೇಲಿ ಇರ್ಲಿ."

"ನಮ್ಮ ಮನೇಲಾ? ನಮ್ಮತ್ತೆ ಏನಂತಾರೋ..."

"ಅವರನ್ನ ಕೇಳಿ ನೋಡು. ಆಗಲ್ಲ ಅಂದ್ರೆ ನೀನೇ ಇಲ್ಲಿ ಬಂದು ಇರು. ಎರಡೂ ಆಗಲ್ಲ ಅಂದ್ರೆ ನಿಮ್ಮಣ್ಣ ಅಂಗಡಿ ಬಾಗಿಲು ಹಾಕ್ತಾರೆ. ನಾನಂತೂ ಹೋಗ್ತೀನಿ."

ನಾದಿನಿ ಅಣ್ಣನ ಮುಖ ನೋಡಿದಳು. ಅವರು ಎಂದಿನಂತೆ ನಗುತ್ತ ಮಾತು ಹಾರಿಸುತ್ತಾರೆ ಎಂದುಕೊಂಡೆ. "ಹೋಗಿ ಬರ್ಲಿ ಬಿಡು. ನಾವಿಬ್ರೂ ನೋಡ್ಕೊಳ್ಳಾಣ" ಎಂದರು, ತಂಗಿಗೆ. ನನ್ನ ಕಡೆ ನೋಡಲಿಲ್ಲ.

ದಸರೆಗೆ ಅತ್ತೆಯನ್ನು ಕಾರು ಮಾಡಿಕೊಂಡು ಚನ್ನಗಿರಿಗೆ ಬಿಟ್ಟೆವು. ನಾನು ಅಲ್ಲಿಂದಲೇ ತವರಿಗೆ ಹೋದೆ. ಬಿಳಿಚೋಡಿನಲ್ಲಿ ಏನೂ ಮಾಡಲಿಲ್ಲ. ಅಮ್ಮ ರೊಟ್ಟಿ ಬಡಿಯುವ ಸದ್ದು ಕೇಳುತ್ತ ಹಗಲೆಲ್ಲ ಮಲಗಿದೆ. ಎದ್ದರೂ ದಣಿವು ಹೋಗಿರಲಿಲ್ಲ. ಅದು ನಿದ್ದೆಯಿಂದ ಹೋಗುವಂಥದ್ದಲ್ಲ ಎಂದು ಆಗ ತಿಳಿಯಿತು. ಅಮ್ಮ ಎಣ್ಣೆ ಕಾಸಿ ತಲೆಗೆ ಹಚ್ಚಿದಳು.

ನಾದಿನಿಯಿಂದ ದೂರಿನ ಫೋನು ಬರುತ್ತದೆಂದು ಕಾದಿದ್ದೆ. ಬರಲಿಲ್ಲ. ನಾನೇ ಮಾಡಿದೆ. ಹಿಂದಿನಿಂದ ಅತ್ತೆಯ ದನಿ ಕೇಳಿಸಿತು, ಎಮ್ಮೆ ಕಟ್ಟಿದ್ಯಾ ಎಂದು. "ಕಟ್ಟೀನವ್ವ, ಹುಲ್ಲೂ ಹಾಕೀನಿ!" ಎಂದಳು ನಾದಿನಿ, ಸಲೀಸಾಗಿ. ಅತ್ತೆ ಸುಮ್ಮನಾದರು. ಅಷ್ಟು ಸುಲಭದ ಉತ್ತರ ನನಗೆ ಹೊಳೆದಿರಲೇ ಇಲ್ಲ. ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ. ಜೊತೆಗೆ ಹೆಗಲ ಮೇಲಿಂದ ಏನೋ ಜಾರಿದ ಹಾಗೂ ಆಯಿತು. ನಾನೊಬ್ಬಳೇ ಮಾಡಬಲ್ಲೆ ಎಂದುಕೊಂಡಿದ್ದ ಕೆಲಸ ಬೇರೆಯವರಿಗೂ ಬರುತ್ತಿತ್ತು.

ಈಗ ಶಾಲೆಗೆ ರಜ ಬಂದಾಗಲೆಲ್ಲ ಅತ್ತೆ ಚನ್ನಗಿರಿಯಲ್ಲಿರುತ್ತಾರೆ. ಇಲ್ಲಿದ್ದಾಗ ವಾರದಲ್ಲಿ ಎರಡು ಸಂಜೆ ಗಂಡ ಬೇಗ ಬಂದು ಅವರಿಗೆ ಊಟ ಮಾಡಿಸುತ್ತಾರೆ. ಅರ್ಧ ಅನ್ನ ನೆಲದ ಮೇಲಿರುತ್ತದೆ. ಅದನ್ನು ಬಳಿಯುವುದು ಇನ್ನೂ ನಾನೇ. ಸಿಟ್ಟು ಬರುವುದು ನಿಂತಿಲ್ಲ. ಬಂದಾಗ, "ಅತ್ತೆ, ನಾನು ಸ್ವಲ್ಪ ಹೊರಗೆ ಕೂತಿರ್ತೀನಿ" ಎಂದು ಜೋರಾಗಿಯೇ ಹೇಳಿ ಎದ್ದು ಹೋಗುತ್ತೇನೆ. ಅವರಿಗೆ ಅರ್ಥವಾಗುತ್ತದೋ ಇಲ್ಲವೋ. ಗಂಡ ಬೇಗ ಬರುವ ದಿನ ನಾನು ಒಂದು ಬಸ್ಸು ಬಿಟ್ಟು ಮುಂದಿನದಕ್ಕೆ ಹತ್ತುತ್ತೇನೆ. ನ್ಯಾಮತಿ ಬಸ್ ನಿಲ್ದಾಣದ ಬೆಂಚಿನ ಮೇಲೆ, ಬ್ಯಾಗು ತೊಡೆಯ ಮೇಲಿಟ್ಟುಕೊಂಡು, ಯಾರಿಗೂ ಏನೂ ಹೇಳಿಕೊಡದೆ ಕೂತಿರುತ್ತೇನೆ.