ಹಿಡಿದ ಮೀನು ಎಲ್ಲಿ ಹೋಗುತ್ತದೆ

ನನ್ನ ಮೊಮ್ಮಗಳು ಮೀನು ಹಿಡಿಯುತ್ತಾಳೆ! ನೆನೆಸಿಕೊಂಡರೆ ಈಗಲೂ ಒಬ್ಬಳೇ ಕೂತು ನಗುತ್ತೇನೆ. ಆದರೆ ಈ ಸಂತೋಷ ಸುಮ್ಮನೆ ಬಂದದ್ದಲ್ಲ. ಅದಕ್ಕೆ ಮುಂಚೆ ಒಂದು ತಿಂಗಳು ಕಳ್ಳರನ್ನು ಕಾಯುವ ಹಾಗೆ ಕಾದಿದ್ದೇನೆ.

ಕರೋನಾ ಗಲಾಟೆಯೆಲ್ಲ ಮುಗಿದ ಮೇಲೆ ಅಮೆರಿಕದ ಅಲ್ಫರೆಟಾ ಊರಿನ ಮಗಳ ಮನೆಗೆ ಬಂದಿದ್ದೆ. ಮೊಮ್ಮಗಳಿಗೆ ಆಗ ಹತ್ತು ವರ್ಷ. ಶನಿವಾರ ಬೆಳಿಗ್ಗೆಯಾದರೆ ಸಾಕು, ಎದುರು ಮನೆಯ ಆಂಟಿಯ ಜೊತೆ ಬಡಾವಣೆಯ ಹಿಂದಿನ ಕೊಳಕ್ಕೆ ಓಡುತ್ತಿದ್ದಳು. ಆಂಟಿ ಅಮೆರಿಕದವಳು, ಸ್ಕೂಲ್ ಬಸ್ ಓಡಿಸಿ ರಿಟೈರ್ ಆದವಳು. ಆಳೆತ್ತರದ ಹೆಂಗಸು. ತಲೆಗೆ ಹುಲ್ಲಿನ ಟೋಪಿ, ಕೈಯಲ್ಲಿ ಬಿಳಿ ಬಕೆಟ್ಟು. ಆ ಬಕೆಟ್ಟಿನ ಮೇಲೆ ಸದಾ ಒಂದು ಟವೆಲ್ಲು ಮುಚ್ಚಿರುತ್ತಿತ್ತು. ಯಾಕೆ ಮುಚ್ಚಬೇಕು?

ನಾನು ಕಾವೇರಿ ದಡದ ಮೀನುಗಾರರ ಮನೆಯವಳು. ಮೂರನೇ ಕ್ಲಾಸಿಗೆ ಸ್ಕೂಲು ಬಿಡಿಸಿ ಕೈಗೆ ಕತ್ತಿ ಕೊಟ್ಟರು. ಗಂಡಸರು ಬಲೆ ಎಳೆದು ತಂದು ಸುರಿದರೆ, ಹುರುಪೆ ಉಜ್ಜಿ, ಹೊಟ್ಟೆ ಸೀಳಿ, ಸಂತೆಯಲ್ಲಿ ಕೂತು ಮಾರುವುದು ನಮ್ಮ ಪಾಲು. ಬೆರಳಿನ ಒಂದು ಗಾಯ ಆರುವ ಹೊತ್ತಿಗೆ ಇನ್ನೊಂದು. ನನ್ನ ಮಗಳನ್ನು ಮಾತ್ರ ಆ ಕತ್ತಿಯ ಹತ್ತಿರ ಸುಳಿಯಲು ಬಿಡಲಿಲ್ಲ.

"ಕೂಸು ವಾರವಾರ ಮೀನು ಹಿಡೀತದೆ ಅಂತೀಯ. ಒಂದಾದ್ರೂ ಮನೆಗೆ ಬಂತೇನವ್ವ?" ಎಂದು ಮಗಳನ್ನು ಕೇಳಿದೆ.

"ಹಿಡಿದು ವಾಪಸ್ ರಿಲೀಸ್ ಮಾಡ್ತಾರಮ್ಮ. ಅದೊಂದು ಸ್ಪೋರ್ಟ್ ಇಲ್ಲಿ" ಎಂದಳು, ಲ್ಯಾಪ್‌ಟಾಪಿನಿಂದ ತಲೆ ಎತ್ತದೆ.

"ಹಿಡಿದು ಬಿಟ್ಬಿಡ್ತಾರಾ? ಯಾರಿಗವ್ವ ಹೇಳ್ತಿದ್ದೀಯ, ಮೀನಿನ ಬುಟ್ಟೀಲಿ ಬೆಳೆದೋಳಿಗಾ?"

"ನಿಂಗೆ ಎಲ್ಲದ್ರಲ್ಲೂ ಡೌಟೇ. ಕಾಫಿ ಕುಡಿ."

ನಾನು ಕಾಫಿ ಕುಡಿದೆ, ನಂಬಲಿಲ್ಲ. ಆ ವಾರ ಮಗುವಿಗೆ ಊಟ ಬಡಿಸುವಾಗ ನೋಡುತ್ತೇನೆ, ಬಲಗೈ ಹೆಬ್ಬೆರಳು ತರಿತರಿಯಾಗಿ ಕೆತ್ತಿಹೋಗಿದೆ. ಮೂಗಿನ ಹತ್ತಿರ ಹಿಡಿದೆ. ಸೋಪು ಹಾಕಿ ತೊಳೆದಿದ್ದರೂ ಮೀನಿನ ವಾಸನೆ. ನನಗೆ ಎಲ್ಲ ಗೊತ್ತಾಗಿಹೋಯಿತು. ಆ ಆಂಟಿ ಬಕೆಟ್ಟು ತುಂಬ ಮೀನು ಹಿಡಿದು, ನನ್ನ ಕೂಸಿನ ಕೈಲಿ ಹುರುಪೆ ಉಜ್ಜಿಸುತ್ತಿದ್ದಾಳೆ!

ಮುಂದಿನ ಶನಿವಾರ ಸೀರೆಯ ಮೇಲೆ ಅಳಿಯನ ಜಾಕೆಟ್ಟು ಹಾಕಿಕೊಂಡು ಅವರ ಹಿಂದೆಯೇ ಹೋದೆ. ಕೊಳದ ದಡದ ಪೈನ್ ಮರದ ಮರೆಯಲ್ಲಿ ನಿಂತೆ. ಆಂಟಿ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತಳು. ಬಕೆಟ್ಟಿನಲ್ಲಿದ್ದದ್ದನ್ನು ಟವೆಲ್ಲಿನಲ್ಲಿ ಗಂಟು ಕಟ್ಟಿ ಪಕ್ಕಕ್ಕಿಟ್ಟಳು. ಕತ್ತಿ ಅದರೊಳಗಿದೆ ಅಂದುಕೊಂಡೆ.

ಮಗು ಗಾಳಕ್ಕೆ ರಬ್ಬರಿನ ಎರೆಹುಳ ಸಿಕ್ಕಿಸಿ ದೂರಕ್ಕೆ ಬೀಸಿತು. ರಬ್ಬರಿನ ಹುಳ! ಮೀನಿಗೂ ಮೋಸ! ಸ್ವಲ್ಪ ಹೊತ್ತಿಗೆ ಕೋಲು ಬಿಲ್ಲಿನಂತೆ ಬಗ್ಗಿತು. ಹಸಿರು ಮೈಯ ಮೀನೊಂದು ನೀರಿನಿಂದ ಮೇಲಕ್ಕೆ ನೆಗೆದು ತಲೆ ಒದರಿತು. ಮಗುವಿನ ಮುಷ್ಟಿ ಹೋಗುವಷ್ಟು ಬಾಯಿ. ಎಳೆದು ದಡಕ್ಕೆ ತಂದವಳೇ ಆ ಬಾಯೊಳಗೆ ಹೆಬ್ಬೆರಳು ಇಟ್ಟುಬಿಟ್ಟಳು.

"ಅಯ್ಯೋ, ಕಚ್ತದೆ ಮಗ!" ಎಂದು ಮರದ ಹಿಂದಿನಿಂದ ಓಡಿದೆ.

"ಅಜ್ಜೀ! ನೀನು ಸ್ಪೈ ಮಾಡ್ತಿದ್ಯಾ?" ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. "ಇದು ಬಾಸ್ ಫಿಶ್. ಹಲ್ಲು ಚಿಕ್ಕ ಚಿಕ್ಕ ಇದೆ, ಲೈಕ್ ಸ್ಯಾಂಡ್‌ಪೇಪರ್. ಹೀಗೇ ಹಿಡೀಬೇಕು. ನೋಡು, ನಂಗೆ ಥಂಬ್ ಹೀಗಾಗಿದೆ!" ಆ ತರಿ ಬೆರಳನ್ನು ಬಹುಮಾನ ಬಂದವಳ ಹಾಗೆ ತೋರಿಸಿದಳು.

ಆಂಟಿ ಟವೆಲ್ಲಿನ ಗಂಟು ಬಿಚ್ಚಿದಾಗ ಕತ್ತು ಉದ್ದ ಮಾಡಿ ನೋಡಿದೆ. ಒಳಗಿದ್ದದ್ದು ಒಂದು ಇಕ್ಕಳ. ಅದರಿಂದ ಗಾಳ ಬಿಡಿಸಿ, ನನ್ನ ಕಡೆ ನೋಡಿ ಏನೋ ಹೇಳಿದಳು.

"ಅಜ್ಜಿ, ನಿಂಗೆ ಬೇಕಾದ್ರೆ ಮನೆಗೆ ತಗೊಂಡೋಗು ಅಂತಾರೆ ಆಂಟಿ" ಎಂದಳು ಮೊಮ್ಮಗಳು. ಆಮೇಲೆ ಕಣ್ಣರಳಿಸಿ, "ಹೇಗೆ ಕಟ್ ಮಾಡೋದು? ನಂಗೆ ಹೇಳ್ಕೊಡ್ತೀಯಾ?"

ಒಳ್ಳೇ ಮೀನು, ಹೊಟ್ಟೆ ತುಂಬ ಮೊಟ್ಟೆ ಇದ್ದದ್ದು ನೋಡಿದರೇ ಗೊತ್ತಾಗುತ್ತಿತ್ತು. ಹುಳಿ ಹಿಂಡಿ ಸಾರು ಮಾಡಿದರೆ ಹೇಗಿರುತ್ತದೆ ಎಂದು ನಾಲಿಗೆಗೂ ಗೊತ್ತಿತ್ತು. ಮೊಮ್ಮಗಳ ಕೈ ನೋಡಿದೆ.

"ಬೇಡ ಕಣವ್ವ. ಬೇಗ ಬಿಡು, ಅದಕ್ಕೆ ಉಸಿರುಗಟ್ತದೆ."

ಐವತ್ತು ವರ್ಷ ಮೀನಿನ ಜೊತೆ ಬದುಕಿದ ನನ್ನ ಬಾಯಲ್ಲಿ ಅಂಥ ಮಾತು ಬಂದದ್ದು ಅದೇ ಮೊದಲು. ಮಗು ಎರಡೂ ಕೈಯಲ್ಲಿ ಮೀನನ್ನು ನೀರಿಗೆ ಇಳಿಸಿತು. ಅದು ಒಂದು ಗಳಿಗೆ ಸುಮ್ಮನಿದ್ದು, ನಮ್ಮ ಮೂವರ ಮುಖಕ್ಕೂ ನೀರೆರಚಿ ಹೋಯಿತು. ನಾನು ಚಪ್ಪಾಳೆ ತಟ್ಟಿಬಿಟ್ಟೆ.

ಆದರೂ ಅವತ್ತು ಮಧ್ಯಾಹ್ನವೆಲ್ಲ ಕಿಟಕಿಯ ಹತ್ತಿರ ಕೂತೆ, ಬಿಟ್ಟ ಮೀನನ್ನು ಹಿಡಿದು ತರಲು ಆಂಟಿ ಒಬ್ಬಳೇ ಮತ್ತೆ ಕೊಳಕ್ಕೆ ಹೋಗುತ್ತಾಳೋ ಎಂದು. ಹೋಗಲಿಲ್ಲ.