ಮುಖ ತಿರುಗಿಸಿ ಕುಳಿತ ಅತ್ತೆ

ಅತ್ತೆಯ ಎಡ ಮುಂಗೈಯಲ್ಲಿ, ಹಸಿರು ಬಳೆಗಳ ಹಿಂದೆ, ಹಲ್ಲಿನ ಗುರುತುಗಳಿದ್ದವು. ಹೊಸ ತಿಪ್ಪಸಂದ್ರದಿಂದ ಇಂದಿರಾನಗರಕ್ಕೆ ಹೋಗುವ ಬಸ್ಸಿನಲ್ಲಿ, ಹಾರ್ನ್ ಸದ್ದಿಗೆ ಬೆದರಿ ನನ್ನ ಮಗಳು ಕಚ್ಚಿದ್ದು. ಯಾರಾದರೂ ದಿಟ್ಟಿಸಿದರೆ ಸೆರಗು ಎಳೆದುಕೊಂಡು, "ಕೂಸಿಗಿ ಹಸಿವಾಗ್ಯಾದರಿ" ಎನ್ನುತ್ತಿದ್ದರು.

ಮಗಳಿಗೆ ಆಟಿಸಂ ಎಂದು ತಿಳಿದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಐದು ತುಂಬಿದರೂ ಮಾತಿರಲಿಲ್ಲ. ನಾನೂ ಗಂಡನೂ ಕೆಲಸಕ್ಕೆ ಹೋಗುತ್ತಿದ್ದೆವು; ಕಲಬುರಗಿ ಕಡೆಯಿಂದ ಬೆಂಗಳೂರಿನ ನಮ್ಮ ಬಾಡಿಗೆ ಮನೆಗೆ ಬಂದ ಅತ್ತೆಯೇ ಅವಳನ್ನು ಥೆರಪಿಗೆ ಕರೆದೊಯ್ಯುತ್ತಿದ್ದರು. ಅಲ್ಲಿ ಟೀಚರ್ ಬಿಸ್ಕತ್ತಿನ ಚೂರು ತೋರಿಸಿ, ಹೇಳಿದಂತೆ ಮಾಡಿದರೆ ಮಾತ್ರ ಕೊಡುತ್ತಿದ್ದರು. ನನ್ನ ಗಂಡನಿಗೆ ಅದು ಸರಿಬರಲಿಲ್ಲ. "ಸರ್ಕಸ್‌ನ್ಯಾಗ ಕಲಿಸಿದಂಗ ಕಲಿಸ್ತಾರಲ್ಲವ್ವಾ" ಎಂದರು. ಅತ್ತೆ ಸಿಡಿದರು: "ನಾವು ಸತ್ತ ಮ್ಯಾಲ ಈಕಿ ನೀರು ಹ್ಯಾಂಗ ಕೇಳ್ತಾಳ? ಅದನ್ನ ಹೇಳು ಮೊದಲ."

ಕೆಲವು ತಿಂಗಳಲ್ಲಿ ಮಗಳು ಲೋಟ ಮುಟ್ಟಿ "ನೀ" ಎಂದಳು. ಅಂದಿನಿಂದ ಟೀಚರ್ ಹೇಳಿದ್ದಕ್ಕೆ ಅತ್ತೆಯ ಬಳಿ ಎರಡನೆಯ ಮಾತಿರಲಿಲ್ಲ.

ಹಠ ಮಾಡಿ ಅತ್ತರೆ ತಿರುಗಿ ನೋಡಬೇಡಿ, ನೋಡಿದರೆ ಅಳುವುದನ್ನೇ ಕಲಿಯುತ್ತಾಳೆ ಎಂದು ಟೀಚರ್ ಹೇಳಿಕೊಟ್ಟಿದ್ದರು. ಒಂದು ಭಾನುವಾರ ಬೆಳಿಗ್ಗೆ ಮಗಳು ಅಳತೊಡಗಿದಳು. ನೆಲಕ್ಕೆ ತಲೆ ಚಚ್ಚಿಕೊಂಡಳು. ನಾನು ಎತ್ತಿಕೊಳ್ಳಲು ಹೋದರೆ ಅತ್ತೆ ತೋಳು ಅಡ್ಡ ಹಿಡಿದರು. "ಹೋಗಬ್ಯಾಡ. ಇಷ್ಟು ದಿನ ಕಲಿಸಿದ್ದೆಲ್ಲಾ ಹಾಳಾಗ್ತದ." ಗೋಡೆಯ ಕಡೆ ಮುಖ ಮಾಡಿ ಹುರುಳಿಕಾಯಿ ಮುರಿಯುತ್ತ ಕುಳಿತರು. ಕಣ್ಣೀರು ಇಳಿಯುತ್ತಿತ್ತು, ತಿರುಗಲಿಲ್ಲ.

ಮಧ್ಯಾಹ್ನ ಮಗಳ ಕಿವಿಯಿಂದ ಕೀವು ಸೋರಿತು. "ಪಾಪ, ತುಂಬಾ ನೋವಿರತ್ತೆ ಇದು. ಬೆಳಿಗ್ಗೆನೇ ಕರ್ಕೊಂಡ್ ಬರ್ಬಾರ್ದಿತ್ತಾ?" ಎಂದರು ಡಾಕ್ಟರು.

ಮರುದಿನ ವಿಷಯ ಕೇಳಿ ಟೀಚರ್ ಬಿಳಿಚಿಕೊಂಡರು. "ನೋವಿನ ಅಳುನೂ ಇರತ್ತೆ, ಮೊದ್ಲು ಅದನ್ನ ನೋಡಿ ಅಂತ ಹೇಳ್ಬೇಕಿತ್ತು ಅಜ್ಜಿ. ತಪ್ಪು ನಂದು."

ಅತ್ತೆ ಒಪ್ಪಲಿಲ್ಲ. "ನಿಮ್ಮದಲ್ಲರಿ. ಆಕಿ ಕಿವಿ ಹಿಡ್ಕೊಂಡಿದ್ದು ನಾ ನೋಡೀನಿ. ನೋಡಿ ಕುಂತೀನಿ."

ಥೆರಪಿ ಬಿಡಿಸಲಿಲ್ಲ. ಆದರೆ ಮುಂದೆ ಮಗಳು ಅತ್ತಾಗಲೆಲ್ಲ ಮೊದಲು ಅವಳ ಮೈಯೆಲ್ಲ ಸವರಿ ನೋಡುತ್ತಿದ್ದರು. ಅಕ್ಕಪಕ್ಕದವರು, "ನಿಮ್ಮಿಂದಾನೇ ಮಗು ಇಷ್ಟು ಸುಧಾರಿಸ್ತು" ಎಂದರೆ ಎದ್ದು ಒಳಗೆ ಹೋಗಿಬಿಡುತ್ತಿದ್ದರು.

ಕೊನೆಯ ಕಾಯಿಲೆಯಲ್ಲಿ ಒಂದು ದಿನ ನನ್ನ ಕೈ ಹಿಡಿದು ಕೇಳಿದರು: "ಆಕಿ ನನಗ ಮಾಫಿ ಮಾಡ್ಯಾಳೇನ ಯವ್ವಾ?"

ಮಗಳು ಕಿಟಕಿಯ ಬಳಿ ನಿಂತು ರಸ್ತೆ ನೋಡುತ್ತಿದ್ದಳು. ಅಷ್ಟು ಹೊತ್ತಿಗೆ ಊಟ, ಬಸ್ಸು, ಮನೆ ಎಲ್ಲ ಹೇಳಲು ಅವಳಿಗೆ ಬರುತ್ತಿತ್ತು. ಇದನ್ನು ಅವಳಲ್ಲಿ ಹೇಗೆ ಕೇಳಬೇಕೋ ನನಗೆ ತಿಳಿಯಲಿಲ್ಲ. "ಮಾಡಿದಾಳೆ ಅತ್ತೆ" ಎಂದೆ. ಅವರು ಕಣ್ಣು ಮುಚ್ಚಿಕೊಂಡರು. ಅದೇ ವಾರ ತೀರಿಕೊಂಡರು.

ಆ ಭಾನುವಾರ ನನಗೆ ಅಡ್ಡವಿದ್ದದ್ದು ಮುದುಕಿಯೊಬ್ಬರ ಬಡಕಲು ತೋಳು. ಅದನ್ನು ಸರಿಸಿ ಮಗಳನ್ನು ಎತ್ತಿಕೊಳ್ಳುವುದು ಕಷ್ಟವೇನೂ ಇರಲಿಲ್ಲ. ಆ ತಪ್ಪಿನ ನಾಚಿಕೆಯಲ್ಲಿ ನನ್ನ ಪಾಲನ್ನೂ ಅತ್ತೆಯೇ ಹೊತ್ತರು. ಅದು ನಿಮ್ಮೊಬ್ಬರದೇ ಅಲ್ಲವೆಂದು ನಾನು ಅವರಿಗೆ ಒಮ್ಮೆಯೂ ಹೇಳಲಿಲ್ಲ.