ಸೆಲ್ವರಾಜ್ ಅವರ ಖಾತೆ

ಭದ್ರಾವತಿಯ ಒಂದು ಸಣ್ಣ ಫೌಂಡ್ರಿಯ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಒಂದು ಬೆಳಿಗ್ಗೆ ಮ್ಯಾನೇಜರ್, "ಡ್ರಾಯಿಂಗ್ ವಿಭಾಗದ ಸೆಲ್ವರಾಜ್ ರಿಟೈರ್ ಆದ್ರು, ಅವರ ಖಾತೆ ಡಿಲೀಟ್ ಮಾಡಿ" ಎಂದರು. ಒಂದೇ ಸಾಲಿನ ಕಮಾಂಡ್ ಸಾಕು; ಆದರೆ ಖಾತೆಯ ಜೊತೆ ಫೈಲುಗಳೂ ಹೋದರೆ ಮರಳಿ ಬರುವುದಿಲ್ಲ. ಅಳಿಸಲು ಮನಸ್ಸಾಗದೆ ಮೊದಲು ಖಾತೆಯನ್ನು ಲಾಕ್ ಮಾಡಿದೆ.

ಸ್ವಲ್ಪ ಹೊತ್ತಿಗೆ ಎರಕದ ಅಚ್ಚು ಮಾಡುವ ಮಂಜುಳಾ ಓಡಿ ಬಂದರು. "ಸಾರ್, ಒಂದು ಡ್ರಾಯಿಂಗೂ ಓಪನ್ ಆಗ್ತಿಲ್ಲ. ಅಲ್ಲಿ ಫರ್ನೇಸ್ ಕಾದು ಕೂತಿದೆ!"

"ಯಾರ ಹೆಸರಲ್ಲಿ ಲಾಗಿನ್ ಆಗ್ತೀರಿ?"

"ಸೆಲ್ವರಾಜ್ ಸಾರ್ ಹೆಸರಲ್ಲಿ. ಎಲ್ಲರೂ ಅದರಲ್ಲೇ ಅಲ್ವಾ?"

ಗಲಾಟೆ ಕೇಳಿ ಬಂದಿದ್ದ ಮ್ಯಾನೇಜರ್ ಮುಖ ನೋಡಿದೆ. ಅವರು ದನಿ ತಗ್ಗಿಸಿ, "ಲಾಕ್ ತೆಗೀರಿ ಮಾರಾಯ್ರೆ, ನಾನೂ ಅದರಲ್ಲೇ" ಎಂದರು.

ತೆಗೆದೆ. ಎಲ್ಲರಿಗೂ ಸ್ವಂತ ಖಾತೆ ಮಾಡಿ, ಡ್ರಾಯಿಂಗುಗಳನ್ನು ಬೇರೆಡೆಗೆ ಸಾಗಿಸುವವರೆಗೂ, ನಿವೃತ್ತ ಸೆಲ್ವರಾಜ್ ಕಂಪ್ಯೂಟರಿನ ಪ್ರಕಾರ ದಿನಾ ಮೂರೂ ಪಾಳಿ ಡ್ಯೂಟಿ ಮಾಡುತ್ತಿದ್ದರು.